ಸಿಂಧು ಅರ್ಧಕ್ಕೆ ಬಿಟ್ಟ ಲೆಕ್ಕ

ಬಳ್ಳಾರಿ ಸತ್ಯನಾರಾಯಣಪೇಟೆಯ ಸಿಂಧುವಿಗೆ ತಾನಾಗಿ ಪುಸ್ತಕ ತೆರೆದ ನೆನಪೇ ಇರಲಿಲ್ಲ. ಅವಳ ತಂದೆ ಗುರುರಾಜ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳನ್ನು ಬೆಳಗ್ಗೆ ಎಬ್ಬಿಸುವವರು ಅವರು, ಇವತ್ತು ಯಾವ ಪಾಠವೆಂದು ಹೇಳುವವರು ಅವರು, ಅದು ಮುಗಿಯುವವರೆಗೆ ಎದುರಿಗೆ ಕೂರುವವರೂ ಅವರೇ. ನಡುವೆ ಏಳುವಂತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಾಗ ಓಣಿಯವರೆಲ್ಲ ಮೇಷ್ಟ್ರನ್ನು ಹೊಗಳಿದರು. ಅದು ನ್ಯಾಯವೆಂದೇ ಸಿಂಧುವಿಗೂ ಅನಿಸಿತ್ತು.

ಅವಳು ಪಿಯುಸಿ ಸೇರಿದ ವರ್ಷ ಗುರುರಾಜರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಅಲ್ಲೇ ರೂಮು ಮಾಡಿಕೊಂಡು ವಾರದ ಕೊನೆಗೆ ಮನೆಗೆ ಬರತೊಡಗಿದರು. ಮೊದಲ ಸಲ ಬಂದಾಗಲೇ ಫೋನು ನಿಲ್ಲಿಸುವ ಸ್ಟ್ಯಾಂಡ್ ತಂದರು.

"ದಿನಾ ಸಂಜಿ ವಿಡಿಯೋ ಕಾಲ್ ಹಚ್ಚಿ ಇದರ ಮ್ಯಾಲ ಇಡು. ನಾನೂ ಅಲ್ಲಿ ಪೇಪರ್ ತಿದ್ಕೋತ ಕೂಡ್ತೀನಿ. ಒಬ್ಬಾಕೇ ಇದ್ದೀನಿ ಅಂತ ನಿನಗ ಅನಸಬಾರದು ನೋಡು."

ಹೀಗೆ ಸಂಜೆಗಳು ಫೋನಿನ ಮುಂದೆ ಕಳೆದವು. ಪೆನ್ನು ನಿಂತರೆ ಸಿರುಗುಪ್ಪದಿಂದ ದನಿ ಬರುತ್ತಿತ್ತು: "ಕೈ ಯಾಕ ನಿಂತದ?" ಸಿಂಧು ಕೈ ನಿಲ್ಲದಂತೆ ನೋಡಿಕೊಳ್ಳಲು ಕಲಿತಳು. ಗೊತ್ತಿದ್ದ ಸೂತ್ರವನ್ನೇ ಮತ್ತೆ ಮತ್ತೆ ಬರೆದಳು, ಓದದೆಯೇ ಪುಟ ತಿರುವಿದಳು, ಸುಮ್ಮನೆ ತುಟಿ ಅಲುಗಿಸಿದಳು. ತಲೆಯೊಳಗೆ ಏನೂ ಇಳಿಯುತ್ತಿರಲಿಲ್ಲ. ಹೇಳೋಣವೆಂದರೆ ಅಪ್ಪ ಕೂಡ ಬಿಸಿಲ ಝಳದ ಆ ರೂಮಿನಲ್ಲಿ ಊಟ ಬಿಟ್ಟು ತನಗಾಗಿ ಕೂತಿದ್ದಾರೆ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅವರು ಎಂದೂ ಬೈಯಲಿಲ್ಲ.

ದ್ವಿತೀಯ ಪಿಯುಸಿಯ ಫಲಿತಾಂಶ ಬಂತು. ಗಣಿತದಲ್ಲೇ ಫೇಲು.

"ಹೆಂಗಾತು ಇದು?" ಗುರುರಾಜರಿಗೆ ನಂಬಲಾಗಲಿಲ್ಲ. "ನಾ ದಿನಾ ನೋಡ್ತಿದ್ದೆನಲ್ಲ! ಓದ್ತಾನೇ ಇದ್ದಿ."

"ನೀವು ನೋಡ್ತಿದ್ರಿ ಅಂತ ಕೂತಿದ್ದೆ, ಅಪ್ಪಾ. ಓದ್ಲಿಲ್ಲ."

ಗುರುರಾಜರು ಫಲಿತಾಂಶವನ್ನು ಮತ್ತೊಮ್ಮೆ ನೋಡಿದರು. ಆಮೇಲೆ, "ಹಂಗಾದ್ರ ಮರುಪರೀಕ್ಷಾ ಮುಗಿಯೋತನ ರಜಾ ಹಾಕಿ ಇಲ್ಲೇ ಇರ್ತೀನಿ," ಎಂದರು. ಅಂದಿನಿಂದ ಸಿಂಧುವಿಗೆ ಅನ್ನ ಸೇರಲಿಲ್ಲ. ಅದನ್ನು ಕಂಡ ತಾಯಿ ತುಳಸಮ್ಮ ಗಂಡನಿಗೆ ಹೇಳಿದರು: "ನಾಕು ದಿನ ಗೆಳತಿ ಮನಿಗೆ ಹೋಗಿ ಬರ್ಲಿ ಬಿಡ್ರಿ. ಹುಡುಗಿ ಉಸಿರಾಡ್ಲಿ."

ಆ ಗೆಳತಿ ಕುರುಗೋಡಿನ ಅಂಜನಾ, ಸಿಂಧುವಿನ ಸಹಪಾಠಿ. ಅವಳೂ ಗಣಿತದಲ್ಲಿ ಫೇಲಾಗಿದ್ದಳು. ಅವರ ಮನೆಯ ಕಲ್ಲುಗೋಡೆಯ ಒಳಕೋಣೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಂಧು ಪುಸ್ತಕದ ಮುಂದೆ ಕೂತಳು. ನೋಡುವವರು ಯಾರೂ ಇಲ್ಲ. ಆದರೂ ಕೈ ಏಳಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು, ಒಂದು ಸಾಲೂ ಆಗಲಿಲ್ಲ. ಅಪ್ಪ ಎದುರಿಗಿದ್ದರೆ ಓದಲಾಗದು, ಇಲ್ಲದಿದ್ದರೆ ಶುರುವೇ ಆಗದು. ಇದು ತಿಳಿದಾಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

"ಅಳಬ್ಯಾಡ ಲೇ," ಎಂದಳು ಅಂಜನಾ. "ನಮ್ಮನ್ಯಾಗ ಓದಾಕ ಕುಂತ್ರ ಕೆಲಸಕ್ಕ ಎಬ್ಬಸ್ತಾರ, ನಿಮ್ಮನ್ಯಾಗ ಏಳಾಕ ಬಿಡಂಗಿಲ್ಲ. ಇದೊಂದು ಇಂಟಿಗ್ರೇಶನ್ ಐತಿ, ಇಬ್ರೂ ಕೂಡಿ ನೋಡೋಣ ಬಾ."

ಇಬ್ಬರೂ ಶುರು ಮಾಡಿದರು. ಲೆಕ್ಕ ನಡುವಿಗೆ ಬಂದಿತ್ತು, ಅಷ್ಟರಲ್ಲಿ ಅಂಜನಾಳ ತಾಯಿ ಕೊಟ್ರಬಸಮ್ಮ ಕೂಗಿದರು: "ರೊಟ್ಟಿ ಆರತಾವ, ಬರ್ರೆವಾ!" ಅಂಜನಾ ಎದ್ದೇಬಿಟ್ಟಳು.

"ಮುಗಿಸಿ ಹೋಗೋಣ," ಎಂದಳು ಸಿಂಧು.

"ಲೆಕ್ಕ ಎಲ್ಲಿ ಓಡಿ ಹೊಕ್ಕೈತಿ?"

ಊಟಕ್ಕೆ ಕೂತರೂ ಸಿಂಧುವಿನ ತಲೆ ಆ ಲೆಕ್ಕದಲ್ಲೇ ಇತ್ತು. ಅಲ್ಲಿ ಬೇರೆ ರೀತಿಯಲ್ಲಿ ಬದಲಾಯಿಸಿದ್ದರೆ? ಕೈ ತೊಳೆದವಳೇ ಯಾರೂ ಹೇಳದೆ ಒಳಕೋಣೆಗೆ ಹೋದಳು. ಮೊದಲ ದಾರಿ ತಪ್ಪಾಯಿತು, ಎರಡನೆಯದೂ ತಪ್ಪಾಯಿತು. ಕೊನೆಗೆ ಉತ್ತರ ತಾಳೆಯಾದಾಗ ಹೇಳಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಯಾರಾದರೂ ಇರಬೇಕೆಂದೂ ಅನಿಸಲಿಲ್ಲ.

ಮರುದಿನ ಅವಳು ಬೇಕೆಂದೇ ಒಂದು ಲೆಕ್ಕವನ್ನು ನಡುವೆ ಬಿಟ್ಟು ಎದ್ದಳು. ಶುರು ಮಾಡುವುದೇ ಅವಳಿಗೆ ಕಷ್ಟ. ಅರ್ಧವಾದದ್ದು ತಾನೇ ಕರೆಯುತ್ತಿತ್ತು. ಕೆಲವು ಸಲ ಕರೆಯಲಿಲ್ಲ. ಆಗ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಒಂದೇ ಒಂದು ಸಾಲು ಬರೆಯುತ್ತಿದ್ದಳು.

ಬಳ್ಳಾರಿಗೆ ಮರಳಿದ ಮೇಲೆ ಗುರುರಾಜರು ಅವಳ ಹಾಳೆಗಳನ್ನು ಕಂಡು ಗಾಬರಿಯಾದರು. "ಎಲ್ಲಾ ಅರ್ಧಾ ಅರ್ಧಾ ಅವ! ಮುಗಿಸದ ಯಾಕ ಏಳ್ತಿ?"

"ನಾಳೆ ಕೂಡ್ಲಿಕ್ಕೆ ಏನಾರ ಉಳೀಬೇಕಲ್ಲಪ್ಪಾ, ಅದಕ್ಕ. ನೀವು ಹೊರಗ ಕೂಡ್ರಿ. ಲೆಕ್ಕ ಬರದಿದ್ರ ನಾನೇ ಬಂದು ಕೇಳ್ತೀನಿ."

ಗುರುರಾಜರು ಎದ್ದು ಹೊರಗೆ ಹೋದರು. ಆದರೆ ಬಾಗಿಲ ಆಚೆಗೆ ಅವರ ಚಪ್ಪಲಿಯ ಸದ್ದು ಅತ್ತ ಇತ್ತ ನಡೆಯುತ್ತಲೇ ಇತ್ತು. ಸಿಂಧು ಆ ಸದ್ದಿನಲ್ಲೇ ಓದಿದಳು.

ಮರುಪರೀಕ್ಷೆಯಲ್ಲಿ ಇಬ್ಬರೂ ಗೆಳತಿಯರು ಪಾಸಾದರು. ಸಿಂಧುವಿನ ಅಂಕಗಳು ಸಾಧಾರಣ. "ನಾ ಎದುರಿಗೆ ಕೂತಿದ್ರ ಇನ್ನೂ ಬರ್ತಿದ್ವು," ಎಂದು ಗುರುರಾಜರು ಇಂದಿಗೂ ಹೇಳುತ್ತಾರೆ. ಆ ನಂಬಿಕೆಯನ್ನು ಅವಳಿಂದ ಕದಲಿಸಲಾಗಿಲ್ಲ. ಸಿಂಧು ಈಗ ಬಳ್ಳಾರಿಯಲ್ಲೇ ಬಿಎಸ್ಸಿ ಓದುತ್ತಾಳೆ. ಕಾಲೇಜಿನ ಲೈಬ್ರರಿ ಮುಚ್ಚುವವರೆಗೆ ಅಲ್ಲೇ ಇದ್ದು ಮನೆಗೆ ಹೊರಡುತ್ತಾಳೆ. ಮೊಬೈಲಿಗೆ ಅಪ್ಪನ ಕರೆ ಬರುತ್ತದೆ: "ಎಲ್ಲಿದ್ದಿ? ಏನು ಓದಿದಿ?" ಅವಳು ಒಂದಿಷ್ಟು ಹೇಳುತ್ತಾಳೆ, ಒಂದಿಷ್ಟು ತನಗಾಗಿ ಇಟ್ಟುಕೊಳ್ಳುತ್ತಾಳೆ.