ಕಣ್ಣು ಮಿಟುಕಿಸುವ ಡಬ್ಬಿಯ ಬೆನ್ನು ಹತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಹೆಂಗಸೊಬ್ಬರು ಒಂದೊಂದೇ ಕೋಣೆಯ ಲೈಟ್ ಆರಿಸುತ್ತಾ, ಮೂಲೆ ಮೂಲೆಗೂ ಬಗ್ಗಿ ನೋಡುತ್ತಾ ಬರುತ್ತಿದ್ದಾರೆ. ಅವರ ಹಿಂದೆಯೇ ನಾನು. ಈ ಕಾರಿಡಾರ್ ಎಷ್ಟು ಉದ್ದವೆಂದರೆ, ಹೆರಿಗೆ ವಾರ್ಡಿನಿಂದ ಹೊರಟ ಗಂಡುಕೂಸಿಗೆ ಗೇಟು ಮುಟ್ಟುವಷ್ಟರಲ್ಲಿ ಮೀಸೆ ಬಂದಿರುತ್ತದೆ.

"ಏನಕ್ಕಾ, ಕರೆಂಟ್ ಉಳಿಸೋ ಕೆಲಸಾನೂ ನಿಮಗೇ ಬಿತ್ತಾ?" ವಾಚ್‌ಮನ್ ಕೇಳುತ್ತಾರೆ.

"ನೀಲಿ ದೀಪ ಹುಡುಕ್ತಿದೀನಪ್ಪ. ಎಲ್ಲೋ ಒಂದು ಡಬ್ಬಿ ಕಣ್ಣು ಮಿಟುಕಿಸ್ತಾ ಕೂತಿದೆ."

"ನಿಮಗೆ ಕಣ್ಣು ಮಿಟುಕಿಸೋ ಧೈರ್ಯ ಯಾರಿಗಿದೆ ಬಿಡಿ!"

ಎಲ್ಲರ ಬಾಯಲ್ಲೂ ಇವರು ಡಬ್ಬಿಯಕ್ಕ. ಆಸ್ಪತ್ರೆಯ ಎಕ್ಸ್‌ರೇ, ಸ್ಕ್ಯಾನ್‌ಗಳನ್ನೆಲ್ಲ ತುಂಬಿಕೊಂಡ ಸ್ಟೋರೇಜ್ ಸರ್ವರ್‌ಗಳನ್ನು, ಅಂದರೆ ಈ ಡಬ್ಬಿಗಳನ್ನು, ನೋಡಿಕೊಳ್ಳುವವರು. ಮೊದಲು ರೆಕಾರ್ಡ್ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದರು. "ಒಂದಿನ ಡಬ್ಬಿ ಬಂತು. ಸ್ವಲ್ಪ ನೋಡ್ಕೊಳ್ಳಮ್ಮ ಅಂದ್ರು. ಆ ಸ್ವಲ್ಪ ಇನ್ನೂ ಮುಗಿದಿಲ್ಲ." ಸರ್ವರ್ ಕೋಣೆಯ ಎಸಿಗೆ ಹೆದರಿ ಇರುವೆ ಕೂಡ ಸ್ವೆಟರ್ ತೊಟ್ಟೇ ಒಳಗೆ ಬರುತ್ತದೆ, ನಾನೇ ನೋಡಿದ್ದೇನೆ. ಅಲ್ಲಿ ಕೂತು ಕೂತು ಇವರ ಮಂಡಿ ಹಿಡಿದುಕೊಂಡಿದೆ.

ನಿನ್ನೆ, ಎಲ್ಲ ಡಬ್ಬಿಗಳನ್ನೂ ಒಂದೇ ಪರದೆಯಲ್ಲಿ ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದರು. ಅದು ನೆಟ್‌ವರ್ಕನ್ನೆಲ್ಲ ಜಾಲಾಡಿ, ಯಾರಿಗೂ ನೆನಪಿಲ್ಲದ ಹಳೆಯ ಡಬ್ಬಿಯೊಂದನ್ನು ತಂದು ಮುಂದಿಟ್ಟಿತು. ಅದರ ಎರಡು ಡಿಸ್ಕಿನಲ್ಲಿ ಒಂದು ಸತ್ತಿದೆ, ಇನ್ನೊಂದು ಜ್ವರ ಬಂದಂತೆ ಕಾಯುತ್ತಿದೆ. ನಕಲು ತೆಗೆಯಲು ಹೋದರೆ ಶಾಖ ತಾಳದೆ ನಡುವೆಯೇ ನಿಂತುಬಿಡುತ್ತದೆ. ಅದು ಎಲ್ಲಿದೆಯೆಂದು ಸಾಫ್ಟ್‌ವೇರಿಗೂ ಗೊತ್ತಿಲ್ಲ. ಬಟನ್ ಒತ್ತಿದರೆ ಡಬ್ಬಿಯ ದೀಪ ಮಿನುಗಿಸುತ್ತದೆ, ಅಷ್ಟೇ. ಹುಡುಕುವುದು ಕಾಲಿನ ಕೆಲಸ.

ಅವಸರಕ್ಕೆ ಕಾರಣ ಇದೆ. ಬಡಗಿಯೊಬ್ಬರ ತಲೆಯೊಳಗೆ ಗಂಟು. ಅವರ ಹಳೆಯ ಸ್ಕ್ಯಾನ್ ಆ ಡಬ್ಬಿಯಲ್ಲಿದೆ. ಗಂಟು ಅಂದಿನಷ್ಟೇ ಇದ್ದರೆ ಮನೆಗೆ ಹೋಗಬಹುದು. ಬೆಳೆದಿದ್ದರೆ, ಅಥವಾ ಹಳೆಯ ಸ್ಕ್ಯಾನ್ ಸಿಗದೇ ಹೋದರೆ, ಇವತ್ತೇ ಆಪರೇಷನ್ ಎಂದಿದ್ದಾರೆ ಡಾಕ್ಟರ್.

ಡಬ್ಬಿ ಸಿಗುವುದು ಲಾಂಡ್ರಿ ಕೋಣೆಯಲ್ಲಿ, ದಿಂಬಿನ ಕವರುಗಳ ಗುಡ್ಡೆಯ ಕೆಳಗೆ.

"ಯಾರಪ್ಪಾ ಇದರ ಮೇಲೆ ಬಟ್ಟೆ ಹೇರಿದ್ದು?"

"ನಾನೇ ಅಕ್ಕ," ಎನ್ನುತ್ತಾರೆ ಲಾಂಡ್ರಿಯವರು. "ಯಾವಾಗ್ಲೂ ಬೆಚ್ಚಗಿರುತ್ತಲ್ಲ, ಬೇಗ ಒಣಗುತ್ತೆ. ಇಸ್ತ್ರಿನೂ ಬೇಕಾಗಲ್ಲ."

ಬೈಯಲೂ ಡಬ್ಬಿಯಕ್ಕನಿಗೆ ತ್ರಾಣವಿಲ್ಲ. ಬಟ್ಟೆ ಸರಿಸಿ, ನಕಲು ಮತ್ತೆ ಶುರು ಮಾಡಿ, ಹಳೆಯ ಎಕ್ಸ್‌ರೇ ಹಾಳೆಯೊಂದರಿಂದ ಡಬ್ಬಿಗೆ ಗಾಳಿ ಬೀಸುತ್ತಾ ಕೂರುತ್ತಾರೆ. ನಡುವೆ ಮನೆಯಿಂದ ಅತ್ತೆಯ ಫೋನು.

"ಏನಮ್ಮಾ, ಆ ಡಬ್ಬಿಗಳ ಜೊತೆನೇ ಸಂಸಾರ ಹೂಡಿಬಿಟ್ಯಾ?"

"ಇದಕ್ಕೆ ಜ್ವರ ಅತ್ತೆ, ಗಾಳಿ ಹಾಕ್ತಿದೀನಿ."

"ನನ್ನ ಮಗನಿಗೆ ಜ್ವರ ಬಂದಾಗ ನೀನು ಹಿಂಗೆ ಬೀಸಿದ್ದು ಕಾಣೆ."

ಕೈ ಬದಲಿಸಿ ಬದಲಿಸಿ ಬೀಸುತ್ತಾರೆ. ಅಂತೂ ಸ್ಕ್ಯಾನ್ ಪೂರ್ತಿ ಬರುತ್ತದೆ. ಡಾಕ್ಟರ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಗಂಟು ಬೆಳೆದಿಲ್ಲ.

ಸ್ವಲ್ಪ ಹೊತ್ತಿಗೆ ಬಡಗಿ ಚೀಲ ಹೆಗಲಿಗೇರಿಸಿ ಹೆಂಡತಿಯ ಜೊತೆ ಹೊರಡುತ್ತಾರೆ, ಗೊಣಗುತ್ತಾ. "ಏನೂ ಮಾಡ್ಲಿಲ್ಲ ಕಣೇ. ಬೆಳಿಗ್ಗೆಯಿಂದ ಸುಮ್ನೆ ಕೂರಿಸಿ ಕಳಿಸಿದ್ರು."

ಡಬ್ಬಿಯಕ್ಕ ಗೋಡೆಗೆ ಸರಿದು ದಾರಿ ಬಿಡುತ್ತಾರೆ, ನೋಯುವ ಭುಜ ಒತ್ತಿಕೊಳ್ಳುತ್ತಾ. ನೀವು ಅವರಿಗೆ ಹೇಳಬಹುದಿತ್ತಲ್ಲ ಎನ್ನುತ್ತೇನೆ.

"ಏನಂತ ಹೇಳ್ಲಿ? ಏನೂ ಮಾಡ್ಲಿಲ್ಲ ಅಂತ ಬೈಕೊಂಡು ಮನೆಗೆ ಹೋಗ್ತಿದಾರೆ. ಅಷ್ಟು ಮಾಡೋಕೇ ನನಗೆ ಇಷ್ಟು ಹೊತ್ತಾಯ್ತು."