ಗುಂಡಣ್ಣ ಬಿಟ್ಟ ಅಂಚಿನ ತುಂಡುಗಳು

ನಾನು ಬಟ್ಟೆ ಹೊಲಿಯುವವನು. ಒಬ್ಬ ಮನುಷ್ಯ ದಪ್ಪಗಾದನೋ ಸಣ್ಣಗಾದನೋ ಎಂಬುದು ಅವನ ಹೆಂಡತಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ಬೀದಿಯ ಅರ್ಧ ಜನರ ಸೊಂಟದ ಗುಟ್ಟು ನನ್ನ ಅಳತೆ ಪುಸ್ತಕದಲ್ಲಿದೆ. ಅದರಲ್ಲಿ ಒಂದು ಪುಟವನ್ನು ಮಾತ್ರ ನೋಡಲು ನನಗೆ ಈಗ ಮನಸ್ಸು ಬರುವುದಿಲ್ಲ. ಆ ಪುಟದವನು ಬಂದು ಎದುರಿಗೆ ನಿಂತರೆ ವಿಧಿಯಿಲ್ಲದೆ ತೆರೆಯುತ್ತೇನೆ.

ಅವನು ಪಕ್ಕದ ಬೇಕರಿಯವನು. ಅವನ ಅಕ್ಕ ಅವನನ್ನು ಗುಂಡ ಎಂದು ಕರೆಯುತ್ತಿದ್ದಳು, ಹಾಗಾಗಿ ಬೀದಿಗೆಲ್ಲ ಅವನು ಗುಂಡಣ್ಣ. ನನ್ನ ಅಂಗಡಿಗೂ ಅವನ ಓವನ್ನಿಗೂ ನಡುವೆ ಒಂದೇ ಗೋಡೆ. ಚಳಿಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕಾಜಾ ಹೊಲಿಯುತ್ತ ಕೂತರೆ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಪ್ಪ ಅಮ್ಮ ಹೋದಾಗ ಅಕ್ಕನಿಗೆ ಹದಿನಾರು, ಗುಂಡಣ್ಣನಿಗೆ ಐದು. ಅಕ್ಕ ಯಾರದೋ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದಳು. ದೊಡ್ಡ ಟ್ರೇಯಲ್ಲಿ ಬೆಂದ ಕೇಕನ್ನು ಚೌಕವಾಗಿ ಕತ್ತರಿಸುವಾಗ ನಾಲ್ಕೂ ಕಡೆಯ ಕಂದು ಅಂಚನ್ನು ತೆಗೆದುಬಿಡುತ್ತಾರೆ. ಗಿರಾಕಿಗಳಿಗೆ ಮೆತ್ತಗಿನ ನಡುಭಾಗವೇ ಬೇಕು. ಆ ಅಂಚಿನ ತುಂಡುಗಳನ್ನು ಅಕ್ಕ ಕಾಗದದಲ್ಲಿ ಕಟ್ಟಿ ತಮ್ಮನಿಗೆ ತರುತ್ತಿದ್ದಳು. ಒಮ್ಮೆ ಅವನಿಗೆ ಜ್ವರ ಬಂದು ನಾಲ್ಕು ದಿನ ಏನನ್ನೂ ಮುಟ್ಟದೆ ಮಲಗಿದ್ದಾಗ, ಅವನ್ನೇ ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಕದಡಿ ಚಮಚದಲ್ಲಿ ಕುಡಿಸಿದಳಂತೆ. “ಅದೇ ಕಣೋ ನನ್ನ ಉಳಿಸಿದ್ದು” ಎಂದು ಐವತ್ತರ ಗುಂಡಣ್ಣ ನನಗೆ ಹತ್ತು ಸಲವಾದರೂ ಹೇಳಿರಬೇಕು.

ಮುಂದೆ ಸ್ವಂತ ಬೇಕರಿ ಆದ ಮೇಲೂ ಅಂಚಿನ ತುಂಡು ಮಾರಾಟಕ್ಕೆ ಹೋಗಲಿಲ್ಲ. ಅದು ಗುಂಡನ ಪಾಲು. ಪ್ರತಿ ಟ್ರೇ ಹೊರಬಂದಾಗಲೂ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಓವನ್ನಿನ ಬಿಸಿ ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದ. ದಿನಕ್ಕೆ ಹದಿನೆಂಟು ಟ್ರೇ. ತೀರ್ಪು ಕೊಟ್ಟೂ ಕೊಟ್ಟೂ ಆಸಾಮಿ ನೂರಾ ಎರಡು ಕೆಜಿಗೆ ಬಂದು ನಿಂತ. ಸೊಂಟ ನಲವತ್ತನಾಲ್ಕು. ನನ್ನ ಟೇಪು ಅವನನ್ನು ಸುತ್ತಿ ಬರುವಷ್ಟರಲ್ಲಿ ನನಗೆ ಏದುಸಿರು ಬರುತ್ತಿತ್ತು. ಮದುವೆ ಅವನೂ ಆಗಲಿಲ್ಲ, ಅಕ್ಕನೂ ಆಗಲಿಲ್ಲ. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ದಿನಕ್ಕೆ ಮೂರು ಸಲ ಜಗಳವಾಡಿಕೊಂಡು ಸುಖವಾಗಿದ್ದರು.

ಆಮೇಲೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬದಲಿ ಕಿಡ್ನಿ ಹಾಕುವುದೊಂದೇ ದಾರಿ ಎಂದರು ಡಾಕ್ಟರು. ಮಾತು ಮುಗಿಯುವ ಮೊದಲೇ ಗುಂಡಣ್ಣ “ನಂದು ತಗೊಳ್ಳಿ” ಎಂದನಂತೆ. ಅಕ್ಕ ಹಾಸಿಗೆಯಿಂದಲೇ ಅಬ್ಬರಿಸಿದಳು: “ನಾನು ಸಾಕಿದ ಮೈಗೆ ಕತ್ತರಿ ಹಾಕಿಸ್ತೀಯಾ? ಇನ್ನೊಂದ್ಸಲ ಆ ಮಾತೆತ್ತಿದ್ರೆ ಡಯಾಲಿಸಿಸ್ಸಿಗೂ ಬರಲ್ಲ, ನೋಡ್ತಿರು.”

ಅವಳು ಹಾಗೆಲ್ಲ ಬಾಯಿಮಾತಿಗೆ ಹೇಳುವವಳಲ್ಲ. ಆದ್ದರಿಂದ ಗುಂಡಣ್ಣ ಗುಟ್ಟಾಗಿ ಪರೀಕ್ಷೆ ಮಾಡಿಸಿಕೊಂಡ. ಎಲ್ಲ ಹೊಂದಿಕೆಯಾಯಿತು, ತೂಕವೊಂದನ್ನು ಬಿಟ್ಟು. ಎಂಬತ್ತೈದಕ್ಕೆ ಇಳಿಯದೆ ಆಪರೇಷನ್ ಟೇಬಲ್ ಹತ್ತಿಸುವುದಿಲ್ಲ ಎಂದರು ಡಾಕ್ಟರು. ಇಳಿದರೆ ಅಕ್ಕನನ್ನು ಒಪ್ಪಿಸುವ ಕೆಲಸ ತಮ್ಮದು ಎಂದೂ ಮಾತು ಕೊಟ್ಟರು.

ಅವತ್ತು ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಸ್ಟೂಲು ಎಂದಿನಂತೆ ನರಳಿತು.

“ಹದಿನೇಳು ಕೆಜಿ ಇಳೀಬೇಕು ಕಣೋ. ಇವತ್ತಿಂದ ಕೇಕು, ಬನ್ನು, ಬಿಸ್ಕತ್ತು, ಸಕ್ಕರೆ, ಎಲ್ಲ ಬಂದ್.”

“ಅಂಚು?”

“ಅಂಚೂ ಬಂದ್. ಮಂಡಿನೋವಿಗೆ ತೂಕ ಇಳಿಸಬೇಕಂತೆ ಅಂತ ಅಕ್ಕಂಗೆ ಹೇಳಿದೀನಿ. ನೀನೂ ಬಾಯಿ ಬಿಡಬೇಡ.”

ನನ್ನಿಂದ ಆಣೆ ಮಾಡಿಸಿಕೊಂಡ. ಕಾರಣವಿತ್ತು. ನನ್ನ ನಾಲಿಗೆಗೆ ಮೂಳೆಯಿಲ್ಲ, ಬೀದಿಗೇ ಗೊತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುವಾಗ ಮಾತ್ರ ನಾನು ಸುಮ್ಮನಿರುತ್ತೇನೆ ಎಂದು ಅಕ್ಕನೇ ಆಡಿಕೊಳ್ಳುತ್ತಿದ್ದಳು.

ಸಿಹಿ ಬಿಡುವುದು ಯಾರಿಗೂ ಸುಲಭವಲ್ಲ. ದಿನವಿಡೀ ಬೆಣ್ಣೆ, ಸಕ್ಕರೆ, ವೆನಿಲ್ಲಾದಲ್ಲಿ ಕೈ ಅದ್ದಿಕೊಂಡಿರುವವನು ಬಾಯಿ ಕಟ್ಟುವುದೆಂದರೆ ಅದು ಬೇರೆಯೇ ಶಿಕ್ಷೆ. ಅವನು ಬಾಯಿಗೆ ಬಟ್ಟೆ ಬಿಗಿದುಕೊಂಡು ಕ್ರೀಮು ಕಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಗೆ ಹತ್ತಿದ್ದನ್ನು ಅಭ್ಯಾಸಬಲದಿಂದ ನೆಕ್ಕಿಬಿಟ್ಟೇನು ಎಂಬ ಹೆದರಿಕೆ ಅವನಿಗೆ. ರುಚಿ ನೋಡದೆ ಬೇಯಿಸಿ ಎರಡು ಸಲ ಕೇಕು ಸೀದು ಕಪ್ಪಾಯಿತು. ಗಿರಾಕಿಗಳು ಮೂಗು ಮುರಿದರು. ಅವನು ಜಗ್ಗಲಿಲ್ಲ. ಅಂಚಿನ ತುಂಡುಗಳನ್ನು ಏನು ಮಾಡುವುದೆಂದು ಕೇಳಿದಾಗ ಅಕ್ಕ, “ಡಬ್ಬದಲ್ಲಿ ಹಾಕಿಡು, ಗುಬ್ಬಚ್ಚಿಗಳಿಗೆ ಆಗುತ್ತೆ” ಎಂದಳು.

ನಾಲ್ಕು ತಿಂಗಳಲ್ಲಿ ತೊಂಬತ್ತೊಂದಕ್ಕೆ ಬಂದ. ಮೂರು ಸಲ ಅವನ ಪ್ಯಾಂಟಿನ ಸೊಂಟ ಹಿಡಿದು ಸಣ್ಣ ಮಾಡಿಕೊಟ್ಟೆ. ನಲವತ್ತೊಂದು ಇಂಚು ಎಂದು ಬರೆದ ದಿನ ಅವನು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟ. “ಇನ್ನಾರು ಕೆಜಿ ಕಣೋ. ಎರಡೇ ತಿಂಗಳು.”

ಅದೇ ವಾರ ಅಕ್ಕ ಅಂಗಡಿಗೆ ಬಂದಳು. ಡಯಾಲಿಸಿಸ್ ಸೂಜಿ ಚುಚ್ಚುವ ಕೈಗೆ ಅನುಕೂಲವಾಗಲೆಂದು ನಾನು ಅವಳ ಅಂಗಿಗಳ ಎಡತೋಳನ್ನು ಉದ್ದಕ್ಕೆ ಸೀಳಿ ಒತ್ತುಗುಂಡಿ ಹಾಕಿಕೊಡುತ್ತಿದ್ದೆ. ಅಂಗಿಯನ್ನು ಮೇಜಿನ ಮೇಲಿಟ್ಟು ಅವಳು ನನ್ನನ್ನೇ ದಿಟ್ಟಿಸಿದಳು.

“ಗುಂಡನ ಸೊಂಟ ಎಷ್ಟಿಳಿದಿದೆಯೋ? ನಿಜ ಹೇಳು.”

ಅವತ್ತು ನನ್ನ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

“ಮೂರಿಂಚು ಅಕ್ಕ. ಹೀಗೇ ಹೋದ್ರೆ ಒಂದಿನ ಪ್ಯಾಂಟು ಮಾತ್ರ ಅಂಗಡಿಗೆ ಬರುತ್ತೆ, ಒಳಗೆ ಆಳೇ ಇರಲ್ಲ.”

ನಗಲಿಲ್ಲ ಅವಳು. ಕುರ್ಚಿಯ ಅಂಚಿಗೆ ಕುಸಿದು ಕೂತಳು. “ಮಂಡಿನೋವಂತೆ. ನನಗೇನು ಗೊತ್ತಾಗಲ್ವಾ? ನನ್ನ ಚಿಂತೇಲಿ ಅನ್ನ ಬಿಟ್ಟಿದಾನೆ ಕಣೋ. ನಾನು ಹೋಗೋಕ್ಮುಂಚೆ ಅವನೇ ಹೋಗ್ತಾನೆ.”

ಆಗಲಾದರೂ ನಾನು ನಿಜ ಹೇಳಬಹುದಿತ್ತು. ಅವನು ಸೊರಗುತ್ತಿಲ್ಲ ಅಕ್ಕ, ನಿನಗೋಸ್ಕರ ಇಳಿಯುತ್ತಿದ್ದಾನೆ ಎಂದು. ಆಣೆ ನೆನಪಾಯಿತು, ಬಾಯಿ ಮುಚ್ಚಿಕೊಂಡೆ. ಬಚ್ಚಿಡಬೇಕಾದ್ದನ್ನು ಹೇಳಿದೆ, ಹೇಳಬೇಕಾದ್ದನ್ನು ಬಚ್ಚಿಟ್ಟೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮರುದಿನದಿಂದ ಅಕ್ಕನೇ ಎದ್ದು ತಮ್ಮನಿಗೆ ಸೂಪು ಮಾಡತೊಡಗಿದಳು. ಕುಂಬಳಕಾಯಿ, ಕ್ಯಾರೆಟ್ಟು ನುಣ್ಣಗೆ ರುಬ್ಬಿದ ದಪ್ಪ ಸೂಪು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು. “ಡಾಕ್ಟ್ರು ತರಕಾರಿ ತಿನ್ನು ಅಂದಿದಾರಲ್ಲ, ಕುಡಿ” ಎಂದು ಎದುರಿಗೆ ನಿಂತು ಬಟ್ಟಲು ಖಾಲಿ ಮಾಡಿಸುತ್ತಿದ್ದಳು. ಗುಂಡಣ್ಣನಿಗೆ ಖುಷಿಯೋ ಖುಷಿ.

“ಸಕ್ಕರೆ ಬಿಟ್ರೆ ನಾಲಿಗೆ ಶುದ್ಧ ಆಗುತ್ತೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ರು. ನಿಜ ಕಣೋ! ಈಗ ಕುಂಬಳಕಾಯಿ ಕೂಡ ನನಗೆ ಕೇಕಿನ ಥರ ರುಚಿಸುತ್ತೆ!”

ನಾನೂ ನಕ್ಕೆ. “ಹಾಗಿದ್ರೆ ಬೇಕರಿ ಮುಚ್ಚಿ ತರಕಾರಿ ಅಂಗಡಿ ಇಡು” ಎಂದೆ.

ತೂಕ ಮಾತ್ರ ನಿಂತಲ್ಲೇ ನಿಂತಿತು. ಒಂದು ತಿಂಗಳು ತೊಂಬತ್ತೊಂದು. ಇನ್ನೊಂದು ತಿಂಗಳೂ ತೊಂಬತ್ತೊಂದು. ಅವನು ಮಧ್ಯಾಹ್ನದ ಊಟ ಬಿಟ್ಟ. ಸಂಜೆ ಬೀದಿಯುದ್ದಕ್ಕೂ ಬಿರಬಿರನೆ ನಡೆದ. ತೊಂಬತ್ತು. ನನ್ನ ಟೇಪು ನಲವತ್ತೊಂದು ಬಿಟ್ಟು ಕದಲಲಿಲ್ಲ. ಎರಡು ನೂಲು, ಅಂದರೆ ಕಾಲಿಂಚು, ಬಿಗಿಯಾಗಿ ಹಿಡಿದು ನಲವತ್ತೂಮುಕ್ಕಾಲು ಎಂದು ಸುಳ್ಳು ಬರೆದೆ, ಅವನಿಗೆ ಸಮಾಧಾನವಾಗಲಿ ಎಂದು.

ಮೂರನೆಯ ತಿಂಗಳು ಆಸ್ಪತ್ರೆಯಿಂದ ನೇರವಾಗಿ ನನ್ನ ಅಂಗಡಿಗೆ ಬಂದ. ಪರದೆ ಎಳೆದು, ಬಟ್ಟೆ ಬದಲಾಯಿಸುವ ಮೂಲೆಯಲ್ಲಿ ನಿಂತು ಅತ್ತ. ಅಷ್ಟು ದೊಡ್ಡ ಗಂಡಸು, ಮಗುವಿನ ಹಾಗೆ.

“ಕದ್ದು ತಿಂತಿದೀರಾ ಅಂತ ಕೇಳಿದ್ರು ಕಣೋ ಡಾಕ್ಟ್ರು. ಒಂದು ಚೂರೂ ಮುಟ್ಟಿಲ್ಲ, ನಿನ್ನಾಣೆ. ನೀನಾದ್ರೂ ನಂಬ್ತೀಯಾ?”

“ನಂಬ್ತೀನಿ” ಎಂದೆ. ನಿಜ ಹೇಳಬೇಕೆಂದರೆ, ಅರ್ಧ ನಂಬಿದ್ದೆ.

ಹತ್ತು ದಿನ ಕಳೆಯುವಷ್ಟರಲ್ಲಿ ಅಕ್ಕನಿಗೆ ಸೋಂಕು ತಗುಲಿ ಜ್ವರ ಏರಿತು. ಮೂರೇ ದಿನ. ಕೊನೆಯ ದಿನ ನಾನೂ ಅಲ್ಲಿದ್ದೆ. ಅವಳು ತಮ್ಮನ ಬತ್ತಿದ ಕೆನ್ನೆ ಸವರಿ, “ಸ್ವಲ್ಪ ತಿನ್ನೋ ಗುಂಡ” ಎಂದಳು. ಅವನು ತಲೆಯಾಡಿಸಿದ. ಅದೇ ಅವಳ ಕೊನೆಯ ಮಾತು.

ಎರಡು ವಾರದ ಮೇಲೆ ಅವನು ನನ್ನನ್ನು ಮಹಡಿಗೆ ಕಳಿಸಿದ. ಅವಳ ಕೋಣೆಗೆ ಕಾಲಿಡುವುದು ಅವನಿಂದಾಗುತ್ತಿರಲಿಲ್ಲ. “ಆ ಒತ್ತುಗುಂಡಿ ಅಂಗಿಗಳನ್ನು ತಗೊಂಡು ಬಾ. ವಾರ್ಡಿನಲ್ಲಿ ಯಾರಿಗಾದ್ರೂ ಆಗುತ್ತೆ.”

ಏಳು ಅಂಗಿ, ಅಚ್ಚುಕಟ್ಟಾಗಿ ಮಡಚಿಟ್ಟಿದ್ದವು. ಅವುಗಳ ಹಿಂದೆ ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಮುಚ್ಚಳ ತೆಗೆದೆ. ಮೈದಾ ಬಣ್ಣಕ್ಕಿಂತ ಸ್ವಲ್ಪ ಕಂದಾದ ನುಣುಪು ಪುಡಿ, ಅದರಲ್ಲಿ ನೆಟ್ಟಿದ್ದ ಒಂದು ಚಮಚ. ಬೆಣ್ಣೆ, ವೆನಿಲ್ಲಾ ಘಮ್ಮೆಂದಿತು. ಹತ್ತಾರು ವರ್ಷ ಗೋಡೆಯಾಚೆಯಿಂದ ಮೂಗಿಗೆ ಬಡಿದ ವಾಸನೆಯನ್ನು ನಾನು ಗುರುತಿಸದೇ ಇರುತ್ತೇನೆಯೇ? ಗುಬ್ಬಚ್ಚಿಗಳಿಗೆಂದು ಎತ್ತಿಟ್ಟ ಅಂಚಿನ ತುಂಡುಗಳು. ಜ್ವರದ ಮಗುವಿಗೆ ಮಾಡಿದ್ದನ್ನೇ ಮತ್ತೆ ಮಾಡಿದ್ದಳು. ಒಣಗಿಸಿ, ಪುಡಿ ಮಾಡಿ, ಕುಂಬಳಕಾಯಿ ಸೂಪಿನಲ್ಲಿ ಕದಡಿ, ಎದುರಿಗೆ ನಿಂತು ಕುಡಿಸಿದ್ದಳು. ತಮ್ಮ ಸೊರಗಿ ಸಾಯಬಾರದೆಂದು. ಅವನು ತನಗೋಸ್ಕರ ಇಳಿಸಲು ಹೆಣಗುತ್ತಿದ್ದ ಆರು ಕೆಜಿಯನ್ನು ದಿನಕ್ಕೆರಡು ಸಲ ಅವಳೇ ಮತ್ತೆ ಅವನ ಹೊಟ್ಟೆಗೆ ತುಂಬಿದ್ದಳು. ಅದನ್ನು ಮಾಡಿಸಿದ್ದು ನನ್ನ ಮೂರಿಂಚಿನ ಮಾತು.

ಅವಳ ಮಂಚದ ಮೇಲೆ ಕೂತುಬಿಟ್ಟೆ. ಕೆಳಗಿನಿಂದ ಅವನು “ಸಿಕ್ತೇನೋ?” ಎಂದು ಕೂಗಿದ. ಡಬ್ಬವನ್ನು ಅಂಗಿಗಳಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, “ವಾರ್ಡಿಗೆ ನಾನೇ ಕೊಟ್ಟು ಬರ್ತೀನಿ” ಎಂದು ಅವನ ಮುಂದೆಯೇ ಇಳಿದು ಬಂದೆ. ಅದೀಗ ನನ್ನ ಅಂಗಡಿಯಲ್ಲಿ, ಅಸ್ತರಿನ ಬಟ್ಟೆಯ ಗಂಟಿನ ಕೆಳಗಿದೆ. ಎಸೆಯಲು ಕೈ ಬಂದಿಲ್ಲ.

ಸೂಪು ನಿಂತ ಮೇಲೆ ಅವನು ಬೆಣ್ಣೆ ಕರಗಿದಂತೆ ಕರಗಿದ. ಒಂದೂವರೆ ತಿಂಗಳಿಗೆ ಎಂಬತ್ತನಾಲ್ಕು. ಅದನ್ನು ಹೇಳಲೆಂದೇ ಬಂದಿದ್ದ.

“ಆಸ್ಪತ್ರೆ ಕಡೆ ಹೋಗಿದ್ದೆ, ಸುಮ್ನೆ ಮೆಷೀನ್ ಹತ್ತಿದೆ. ಎಂಬತ್ತನಾಲ್ಕು ಕಣೋ. ಈಗ ಯಾರಿಗೆ ಕೊಡ್ಲಿ?”

ನಾನು ಟೇಪು ಹುಡುಕುವವನಂತೆ ಬಗ್ಗಿದೆ.

ಈಗ ತಿಂಗಳಿಗೊಮ್ಮೆ ಬರುತ್ತಾನೆ. ಸೊಂಟ ಮೂವತ್ತಾರು. ಅಂಚಿನ ತುಂಡು ಇವತ್ತಿಗೂ ಮುಟ್ಟುವುದಿಲ್ಲ. ನನ್ನ ಮುಂದೆ ಕೈಯೆತ್ತಿ ನಿಂತು ಪ್ರತಿ ಸಲವೂ ಅದನ್ನೇ ಕೇಳುತ್ತಾನೆ: “ಈಗ ಇಳೀತಲ್ಲ, ಆಗ್ಯಾಕೆ ಇಳೀಲಿಲ್ಲ? ನಿದ್ದೆಯಲ್ಲಿ ಎದ್ದು ಹೋಗಿ ತಿಂತಿದ್ನೇನೋ ಅನ್ಸುತ್ತೆ. ನನ್ನ ಹಾಳು ನಾಲಿಗೇನೇ ಅಕ್ಕನ್ನ ತಿಂತೇನೋ.”

ನಿಜ ಹೇಳಿದರೆ ಅವನ ಎದೆಯ ಭಾರ ಇಳಿಯುತ್ತದೆ, ಅಕ್ಕನ ತಲೆಗೇರುತ್ತದೆ. ಹೇಳದಿದ್ದರೆ ಅವನು ಸಾಯುವ ತನಕ ತನ್ನನ್ನೇ ಕಳ್ಳ ಎಂದುಕೊಳ್ಳುತ್ತಾನೆ. ಅಕ್ಕನಿಗೋಸ್ಕರ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ಪೂರ್ತಿ ನಿಜವಲ್ಲ. ಹೇಳಹೊರಟರೆ ನನ್ನ ಆ ಮೂರಿಂಚಿನ ಮಾತೂ ಹೊರಗೆ ಬರುತ್ತದೆ. ಅದಕ್ಕೇ ಅವನು ಬೇಕರಿಯ ಮೆಟ್ಟಿಲಿಳಿದು ನನ್ನ ಕಡೆ ಬರುವುದು ಕಂಡ ಕೂಡಲೇ ನಾಲ್ಕು ಗುಂಡುಸೂಜಿ ತೆಗೆದು ಬಾಯಲ್ಲಿ ಕಚ್ಚಿಕೊಂಡು ನಿಲ್ಲುತ್ತೇನೆ.