ಆಕಳಿಕೆಯ ಚುಕ್ಕೆಗಳು

ಚೊಕ್ಕಿ ಎಂಬ ಹೆಸರಿಟ್ಟವಳು ಅಜ್ಜಿ. ಎಲ್ಲಾದರೂ ಒಂದು ಕಲೆ ಕಂಡರೆ ಸಾಕು, ಹುಡುಗಿಯ ಕೈ ಸುಮ್ಮನಿರುತ್ತಿರಲಿಲ್ಲ. ಅಪ್ಪನ ಕಪ್ಪು ಕೊಡೆಯನ್ನು ಉಜ್ಜಿ ಉಜ್ಜಿ ಬೂದು ಬಣ್ಣಕ್ಕೆ ತಂದ ಪುಣ್ಯಾತ್ಗಿತ್ತಿ ಅವಳು.

ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕೆಂದು ಕಾಲೇಜಿನವರು ಪಟ್ಟು ಹಿಡಿದಾಗ ಗೆಳತಿಯರೆಲ್ಲ ಗಾಜಿನ ಕಟ್ಟಡಗಳಿಗೆ ಹೋದರು. ಚೊಕ್ಕಿಗೆ ಸಿಕ್ಕಿದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಎರಡೇ ಕೋಣೆಯಲ್ಲಿದ್ದ ಒಂದು ಸಂಸ್ಥೆ. ಮಕ್ಕಳಿಗೆ ಓದುವ ರುಚಿ ಹತ್ತಿಸುವುದು ಅದರ ಕೆಲಸ. ನಡೆಸುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಒಬ್ಬ ಹೆಂಗಸು, ಬೀದಿಗೆಲ್ಲ ಟೀಚರಮ್ಮ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಬೆವರುತ್ತಿದ್ದ ಚೊಕ್ಕಿಗೆ ಅಲ್ಲಿ ಒಳಕೋಣೆಯ ಮೇಜಿನ ಕೆಲಸ ಮಾತ್ರ. ಸಂಜೆ ನಾಲ್ಕಕ್ಕೆ ಹೊರಕೋಣೆಯಲ್ಲಿ ಬೀದಿಯ ಎಂಟು ಮಕ್ಕಳಿಗೆ ಟೀಚರಮ್ಮ ಕಥೆ ಓದುತ್ತಿದ್ದರು. ಕೆಳಗಿನಿಂದ ಟೈರಿಗೆ ಗಾಳಿ ಹೊಡೆಯುವ ಸದ್ದು, ಕಿಟಕಿಯಲ್ಲಿ ಬೇವಿನ ನೆರಳು. ಮೊದಲ ವಾರದಲ್ಲೇ ಅವಳಿಗೆ ಆ ಜಾಗ ಹಿಡಿಸಿಬಿಟ್ಟಿತು.

ಎರಡನೇ ವಾರ ಟೀಚರಮ್ಮ ತಂಗಿಯ ಊರಿಗೆ ಹೊರಟರು. ಕಪಾಟಿನಲ್ಲಿದ್ದ ಹನ್ನೆರಡು ಕಥೆಗಳ ಕರಡು ಪ್ರತಿಗಳನ್ನು ತೋರಿಸಿ, “ಇವನ್ನ ಸ್ವಲ್ಪ ಸರಿಮಾಡಿಡಮ್ಮ, ಮುಂದಿನ ತಿಂಗಳು ಪ್ರೆಸ್‌ಗೆ ಹೋಗಬೇಕು,” ಎಂದರು. ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ ಎಂದೇ ಅವರ ಭಾವನೆ. ಪುಸ್ತಕ ತೆರೆದ ಚೊಕ್ಕಿ ದಂಗಾದಳು. ಅಂಚಿನ ತುಂಬ ಪೆನ್ಸಿಲ್ ಚುಕ್ಕೆ! ಎರಡು ದಿನ ಕೂತು, ಎರಡು ರಬ್ಬರ್ ಸವೆಸಿ, ಒಂದೊಂದನ್ನೂ ಅಳಿಸಿದಳು. ಹನ್ನೊಂದು ಪುಸ್ತಕ ಥಳಥಳ ಹೊಳೆದವು. ಹನ್ನೆರಡನೆಯದು, ‘ಕಳೆದುಹೋದ ಕೊಡೆ’, ಆ ಮಕ್ಕಳಲ್ಲೊಬ್ಬಳಾದ ಟೈಲರ್ ಮಗಳು ಅಷ್ಟರಲ್ಲೇ ಮನೆಗೆ ಒಯ್ದಿದ್ದರಿಂದ ಬಚಾವಾಗಿತ್ತು.

ಸೋಮವಾರ ಟೀಚರಮ್ಮ ಬಂದವರೇ ಪುಟ ತಿರುವಿದರು. ಇನ್ನೊಂದು ತಿರುವಿದರು.

“ಚುಕ್ಕೆಗಳೆಲ್ಲ ಎಲ್ಲಿ?”

“ಅಳಿಸಿದೆ ಟೀಚರಮ್ಮ. ಒಂದೂ ಬಿಟ್ಟಿಲ್ಲ,” ಎಂದಳು ಚೊಕ್ಕಿ, ಶಹಬ್ಬಾಸ್‌ಗಿರಿಗೆ ಕಾಯುತ್ತ.

ಟೀಚರಮ್ಮ ಕುರ್ಚಿ ಎಳೆದುಕೊಂಡು ಕುಳಿತರು. “ಅದು ಮಕ್ಕಳ ಆಕಳಿಕೆ ಕಣಮ್ಮ. ನಾನು ಓದೋವಾಗ ಯಾವ ಸಾಲಿಗೆ ಮಗು ಆಕಳಿಸಿತೋ ಅಲ್ಲೊಂದು ಚುಕ್ಕೆ. ಆ ಸಾಲುಗಳನ್ನ ತಿದ್ದಿ ಪ್ರೆಸ್‌ಗೆ ಕೊಡೋದು. ಒಂದು ವರ್ಷ ಓದಿದ್ದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬೈಯಲಿಲ್ಲ. ಚೊಕ್ಕಿ ಮನೆಗೆ ಹೋಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

“ಅಳಿಸಿದೋಳು ನೀನು, ಮತ್ತೆ ಇಡೋಳು ಪಕ್ಕದ್ಮನೆಯವಳಾ?” ಎಂದಳು ಅಜ್ಜಿ. “ನೀನೇ ಓದು ಹೋಗು.”

“ನನಗೆ ಜನರ ಮುಂದೆ ಓದೋಕೆ ಬರಲ್ಲ ಅಜ್ಜಿ.”

“ನಾಲ್ಕು ವರ್ಷದಿಂದ ದಿನಾ ನನಗೆ ಪೇಪರ್ ಓದ್ತಿರೋದು ಯಾರು? ನಾನು ಜನ ಅಲ್ವೇನೇ?”

ಅದು ನಿಜವೇ. ಕಣ್ಣು ಮಂಜಾದ ಮೇಲೆ ಅಜ್ಜಿಗೆ ಪೇಪರ್ ಓದುತ್ತಿದ್ದವಳು ಚೊಕ್ಕಿಯೇ. ಗಡಿಬಿಡಿಯಲ್ಲಿ ಓದಿದರೆ ಅಜ್ಜಿ ಮೊಣಕೈಯಲ್ಲಿ ತಿವಿಯುತ್ತಿದ್ದಳು, ಗೊಣಗಿದರೆ ಕಿವಿ ಹಿಂಡುತ್ತಿದ್ದಳು.

ಮರುದಿನ ಚೊಕ್ಕಿ ನೆಲ ನೋಡುತ್ತ, “ನಾನೇ ಎಲ್ಲಾ ಮತ್ತೆ ಓದ್ತೀನಿ,” ಎಂದಳು. ಪ್ರೆಸ್‌ಗೆ ಉಳಿದಿದ್ದು ಮೂರು ವಾರ. ಟೀಚರಮ್ಮ ಒಪ್ಪಿದರು, ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಎಂದಿನ ಎಂಟು ಮಕ್ಕಳು ಚಾಪೆಯ ಮೇಲೆ ಕುಳಿತರು. ಮೊದಲ ದಿನ ಚೊಕ್ಕಿಯ ದನಿ ಹೊರಟಿದ್ದು ಎರಡನೇ ಪುಟಕ್ಕೆ. ಮೂರನೇ ದಿನ ಕರಡಿಯ ಮಾತಿಗೆ ಕರಡಿಯ ದನಿ ತಾನಾಗಿಯೇ ಬಂತು, ಅವಳೇ ಬೆಚ್ಚಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ನಾಲ್ಕು ಗಂಟೆ ಯಾವಾಗ ಆಗುತ್ತದೋ ಎಂದು ಅವಳೇ ಗಡಿಯಾರ ನೋಡುವಂತಾಯಿತು. ಆಕಳಿಕೆ ಕಂಡಲ್ಲಿ ಚುಕ್ಕೆ ಇಡುತ್ತಿದ್ದಳು, ಸುಳ್ಳು ಚುಕ್ಕೆ ಒಂದೂ ಇಡಲಿಲ್ಲ. ‘ಕಳೆದುಹೋದ ಕೊಡೆ’ಯನ್ನು ಇನ್ನೊಂದು ಪ್ರತಿಯಲ್ಲಿ ಓದಿದಳು. ನಾಲ್ಕು ಚುಕ್ಕೆ ಬಿದ್ದವು.

ಪ್ರೆಸ್‌ಗೆ ಕೊಡುವ ಹಿಂದಿನ ದಿನ ಟೈಲರ್ ಮಗಳು ತಾನು ಒಯ್ದಿದ್ದ ಹಳೆಯ ಪ್ರತಿಯನ್ನು ತಂದುಕೊಟ್ಟಳು. ಚೊಕ್ಕಿ ತೆರೆದು ಎಣಿಸಿದಳು. ಇಪ್ಪತ್ತಮೂರು. ಅದೇ ಕಥೆ, ಅದೇ ಮಕ್ಕಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಮಕ್ಕಳು ಆಕಳಿಸಿದ್ದು ಕಥೆಗಲ್ಲ, ಓದಿದ ರೀತಿಗೆ. ಪುಸ್ತಕವನ್ನು ಕಪಾಟಿನ ಹಿಂದೆ ತಳ್ಳಿಬಿಡಲೇ ಎನಿಸಿತು. ವರ್ಷವಿಡೀ ಓದಿದವರ ಮನಸ್ಸು ನೋಯಿಸಲು ತಾನು ಯಾರು? ಆದರೆ ಇದನ್ನು ಮುಚ್ಚಿಟ್ಟರೆ ಅದೂ ಒಂದು ಅಳಿಸುವಿಕೆಯೇ. ಎರಡೂ ಪ್ರತಿಗಳನ್ನು ಟೀಚರಮ್ಮನ ಮುಂದಿಟ್ಟು ನಿಂತಳು.

ಟೀಚರಮ್ಮ ಒಂದೊಂದೇ ಪುಟ ಜೋಡಿಸಿ ನೋಡಿದರು. ಕನ್ನಡಕ ತೆಗೆದರು.

“ನಾನು ಓದಿದ್ರೆ ಹೇಗಿರುತ್ತೆ?” ಎಂದು ಟೈಲರ್ ಮಗಳನ್ನು ಕೇಳಿದರು.

“ಆಮೇಲೆ ಪ್ರಶ್ನೆ ಕೇಳ್ತೀರೇನೋ ಅನ್ಸುತ್ತೆ,” ಎಂದಳು ಅವಳು, ಸ್ವಲ್ಪವೂ ಅಳುಕದೆ.

ಟೀಚರಮ್ಮ ಕಿಟಕಿಯ ಕಡೆ ತಿರುಗಿದರು. ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಕೈ ಚಾಚಿದರು.

“ರಬ್ಬರ್ ಕೊಡಮ್ಮ.”

ಎರಡೂ ಪ್ರತಿಗಳಲ್ಲಿದ್ದ ನಾಲ್ಕನ್ನು ಉಳಿಸಿ ಹತ್ತೊಂಬತ್ತು ಚುಕ್ಕೆಗಳನ್ನು ಅವರೇ ಅಳಿಸಿದರು, ಪುಡಿಯನ್ನು ಊದಿದರು. ನಾಲ್ಕು ಗಂಟೆಯಾಗಿತ್ತು. ಮಕ್ಕಳನ್ನು ಸ್ವಲ್ಪ ಸರಿಯಲು ಹೇಳಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಚಾಪೆಯ ಮೇಲೆ ಕುಳಿತರು.

“ಓದು,” ಎಂದರು, “ನಾನೂ ಕಥೆ ಕೇಳ್ತೀನಿ.”